ಇತ್ತಂತೆ, ಇರಲಿಲ್ಲವಂತೆ

ಪುಸ್ತಕ ಇಂಗ್ಲಿಷಿನದು. ಕೇಳಲು ಕೂತವಳು ತಂಗಿಯ ಮಗಳು. ಏಳು ವರ್ಷದ ಅವಳಿಗೆ ಶಾಲೆಯ ಪಾಠ ಯಾವ ಭಾಷೆಯಲ್ಲಾದರೂ ಸರಿ, ಕತೆ ಮಾತ್ರ ಕನ್ನಡದಲ್ಲೇ ಆಗಬೇಕು. ಹಾಗಾಗಿ ನನ್ನ ಕಣ್ಣು ಇಂಗ್ಲಿಷ್ ಓದುತ್ತಿತ್ತು, ಬಾಯಿ ಕನ್ನಡ ಹೇಳುತ್ತಿತ್ತು. ಒಬ್ಬ ಬಾದಶಹ ಇದ್ದ ಎಂದು ಪುಟದಲ್ಲಿತ್ತು. ‘ಒಬ್ಬ ಬಾದಶಹ ಇದ್ದನಂತೆ’ ಎಂದೆ. ಅವನ ತೋಟದಲ್ಲಿ ಸೇಬಿನ ಮರವಿತ್ತು ಎಂದಿತ್ತು. ‘ಸೇಬಿನ ಮರ ಇತ್ತಂತೆ, ರಾತ್ರಿ ಯಾರೋ ಬಂದು ಹಣ್ಣು ಕದ್ದುಕೊಂಡು ಹೋಗುತ್ತಿದ್ದರಂತೆ’ ಎಂದೆ. ನಾಲ್ಕೈದು ಪುಟ ಕಳೆದ ಮೇಲೆ ಗಮನಕ್ಕೆ ಬಂತು: ಈ ‘ಅಂತೆ’ ಪುಟದಲ್ಲಿ ಎಲ್ಲೂ ಇಲ್ಲ. ಬೇಕೆಂದು ನಾನು ಸೇರಿಸಿದ್ದೂ ಅಲ್ಲ. ಕತೆಗೆಂದು ಬಾಯಿ ತೆರೆದ ಕೂಡಲೇ ಅದು ತಾನಾಗಿ ಬಂದು ಕೂತಿತ್ತು, ನಮ್ಮಜ್ಜಿಯ ಬಾಯಲ್ಲಿ ಬಂದು ಕೂರುತ್ತಿದ್ದ ಹಾಗೆ.

ಎಷ್ಟೋ ದಿನ ಕಳೆದು, ಆ ಕತೆಗಳ ಮೂಲ ಭಾಷೆಯ ಬಗ್ಗೆ ಓದುತ್ತಿದ್ದಾಗ ತಿಳಿಯಿತು. ಮೂಲದ ತುರ್ಕಿಯಲ್ಲಿ ಆ ‘ಅಂತೆ’ ಇತ್ತು. ಇಂಗ್ಲಿಷಿಗೆ ದಾಟುವಾಗ ಕೈಜಾರಿ ಬಿದ್ದದ್ದನ್ನು ಕನ್ನಡದ ನಾಲಿಗೆ ಹೆಕ್ಕಿಕೊಂಡಿತ್ತು.

ತುರ್ಕರು ಇಂಥ ಕತೆಯನ್ನು ‘ಮಸಲ್’ ಎನ್ನುತ್ತಾರೆ. ನಮ್ಮ ಅಡಗೂಲಜ್ಜಿ ಕತೆಯ ಹಾಗೆ ಎಂದುಕೊಳ್ಳಿ. ರಾಜನುಂಟು, ಬಡವನುಂಟು, ರಕ್ಕಸನುಂಟು, ಮಾತಾಡುವ ಹಕ್ಕಿಯುಂಟು, ಊರಿಗೆ ಹೆಸರಿಲ್ಲ. ಬಹಳಷ್ಟು ಮಸಲ್‌ಗಳು ತೆರೆದುಕೊಳ್ಳುವುದು ‘ಬಿರ್ ವಾರ್‌ಮಿಶ್, ಬಿರ್ ಯೋಕ್‌ಮುಶ್’ ಎಂಬ ಮಾತಿನಿಂದ. ‘ವಾರ್’ ಎಂದರೆ ಉಂಟು, ‘ಯೋಕ್’ ಎಂದರೆ ಇಲ್ಲ. ಒಮ್ಮೆ ಇತ್ತಂತೆ, ಒಮ್ಮೆ ಇರಲಿಲ್ಲವಂತೆ. ಆ ಬಾಲದಲ್ಲಿರುವ ‘ಮಿಶ್’, ಹಿಂದಿನ ಸ್ವರಕ್ಕೆ ಹೊಂದಿಕೊಂಡು ‘ಮುಶ್’ ಆಗುವ ಆ ಪ್ರತ್ಯಯ, ನಮ್ಮ ‘ಅಂತೆ’ಯ ಕೆಲಸವನ್ನೇ ಮಾಡುತ್ತದೆ. ‘ಗೆಲ್ದಿ’ ಎಂದರೆ ಬಂದ. ನಾನೇ ಕಣ್ಣಾರೆ ಕಂಡೆ. ‘ಗೆಲ್‌ಮಿಶ್’ ಎಂದರೆ ಬಂದನಂತೆ. ಕಂಡವರು ಬೇರೆ, ನನಗೆ ಸುದ್ದಿ ಮಾತ್ರ ತಲುಪಿದೆ. ಮಿಶ್, ಅಂತೆ ಎರಡರ ವ್ಯಾಪ್ತಿಯೂ ಪೂರಾ ಒಂದೇ ಎಂದಲ್ಲ. ಬೆಳಿಗ್ಗೆ ಎದ್ದು ಅಂಗಳ ಒದ್ದೆಯಾಗಿರುವುದನ್ನು ನೋಡಿ ರಾತ್ರಿ ಮಳೆ ಬಂದಿರಬೇಕು ಎಂದು ಊಹಿಸುವಾಗ ತುರ್ಕರು ಮಿಶ್ ಹಚ್ಚುತ್ತಾರೆ, ನಾವು ಅಂತೆ ಹಚ್ಚುವುದಿಲ್ಲ. ಆದರೆ ಕತೆಯ ಮಟ್ಟಿಗೆ ಎರಡೂ ಒಂದೇ ಜಾಗದಲ್ಲಿ ನಿಂತಿವೆ: ಹೇಳುವವರು ಸಾಕ್ಷಿಯಲ್ಲ, ದಾಟಿಸುವವರು.

ಇದು ಬರೀ ವ್ಯಾಕರಣದ ಮಾತಲ್ಲ. ಇಂಗ್ಲಿಷಿನ ಕತೆ ಎಲ್ಲವನ್ನೂ ಮೇಲಿನಿಂದ ನೋಡುತ್ತಿರುವವರ ದನಿಯಲ್ಲಿ ನಡೆಯುತ್ತದೆ. ರಾಜ ಇದ್ದ ಎಂದರೆ ಇದ್ದ. ‘ಅಂತೆ’ ಇರುವ ಕತೆಯಲ್ಲಿ ಹೇಳುವವರ ಹಿಂದೆ ಇನ್ನೊಬ್ಬರು ಇದ್ದಾರೆ, ಅವರ ಹಿಂದೆ ಮತ್ತೊಬ್ಬರು. ಅಜ್ಜಿಯ ಬೆನ್ನಿಗೆ ಅವಳಜ್ಜಿ. ಕೇಳುವವರೂ ಆ ಸಾಲಿನ ಕೊನೆಯಲ್ಲಿ ಕೂತವರೇ. ನಾಳೆ ಅವರದ್ದೇ ಸರದಿ. ತುರ್ಕಿ ಕತೆಗಳನ್ನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ಓದಿಕೊಂಡಾಗ ಅವು ಬಣ್ಣ ಬಣ್ಣದ, ಸ್ವಲ್ಪ ಕ್ರೂರವಾದ, ದೂರದೇಶದ ಗೊಂಬೆಗಳಂತೆ ಕಾಣುತ್ತವೆ. ಅವನ್ನೇ ‘ಅಂತೆ’ ಹಚ್ಚಿ ಕನ್ನಡದಲ್ಲಿ ಗಟ್ಟಿಯಾಗಿ ಹೇಳಿದರೆ ಜೀವ ಬಂದು ಕೂರುತ್ತವೆ. ನಾನು ಬಲ್ಲ ಅನುಭವ ಇದು.

ನಮ್ಮ ನೆಲದಲ್ಲೇ ಇರುವ ಒಂದು ತುರ್ಕಿ ‘ಅಂತೆ’ಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ವಿಜಯಪುರದ ಆದಿಲ್‌ಶಾಹಿ ವಂಶ ಕಟ್ಟಿದ ಯೂಸುಫ್ ಆದಿಲ್‌ಶಾಹ ಆಟೊಮನ್ ಸುಲ್ತಾನ ಎರಡನೇ ಮುರಾದನ ಮಗನಂತೆ. ಪಟ್ಟಕ್ಕೆ ಬಂದವರು ಕೂಸನ್ನು ಕೊಲ್ಲಿಸಿಬಿಟ್ಟಾರೆಂದು ತಾಯಿ ಅವನನ್ನು ಗುಟ್ಟಾಗಿ ಪರ್ಷಿಯಾಕ್ಕೆ ಸಾಗಿಸಿದಳಂತೆ. ಅಲ್ಲಿ ಬೆಳೆದವನು ಗುಲಾಮನಾಗಿ ಬೀದರಿಗೆ ಬಂದು, ಕೊನೆಗೆ ತಾನೇ ಸುಲ್ತಾನನಾದನಂತೆ. ಇದನ್ನು ಬರೆದಿಟ್ಟವನು ವಿಜಯಪುರದ ಆಸ್ಥಾನದಲ್ಲೇ ಇದ್ದ ಚರಿತ್ರಕಾರ ಫೆರಿಶ್ತಾ. ಇತಿಹಾಸಕಾರರಲ್ಲಿ ಹಲವರು ಒಪ್ಪುವುದಿಲ್ಲ. ಮಸಲ್ ಹೇಳುವ ಅಜ್ಜಿ ಮಾತ್ರ ತಟ್ಟನೆ ಒಪ್ಪಿಯಾಳು. ಬಚ್ಚಿಟ್ಟ ರಾಜಕುಮಾರ, ಮಾರಾಟವಾದ ಮಗು, ದೂರದ ಸಿಂಹಾಸನ, ಎಲ್ಲ ಅವಳ ಬುಟ್ಟಿಯಲ್ಲಿರುವ ಸಾಮಾನುಗಳೇ.

ಮಸಲ್ ಹುಟ್ಟುವ ಹೊತ್ತು ಚಳಿಗಾಲದ ರಾತ್ರಿ. ಅನತೋಲಿಯದ ಹಳ್ಳಿಮನೆಗಳಲ್ಲಿ ನೆಲದಲ್ಲಿ ತೋಡಿದ ‘ತಂದಿರ್’ ಒಲೆಯ ಕೆಂಡದ ಮೇಲೆ ಗಿಡ್ಡ ಮೇಜಿಟ್ಟು, ಅದರ ಮೇಲೆ ದೊಡ್ಡ ರಜಾಯಿ ಹರಡುತ್ತಿದ್ದರು. ನಮ್ಮ ಹೋಟೆಲುಗಳ ತಂದೂರ್ ಇದೆಯಲ್ಲ, ಅದೇ ಮಾತು. ಮನೆಮಂದಿ ಸುತ್ತ ಕೂತು ಕಾಲನ್ನು ರಜಾಯಿಯೊಳಗೆ ಚಾಚಿದರೆ ಕತೆಗೆ ಹೊತ್ತಾಯಿತು ಎಂದರ್ಥ. ಕಾಫಿ ಅಂಗಡಿಗಳಲ್ಲಿ ಗಂಡಸರಿಗೆ ಕತೆ ಹೇಳುತ್ತಿದ್ದ ‘ಮೆದ್ದಾಹ್’ ಎಂಬ ಕಸುಬಿನ ಕಲಾವಿದರು ಬೇರೆ. ಮಸಲ್ ಬಹುಪಾಲು ಮನೆಯೊಳಗಿನದು, ಹೆಂಗಸರದು, ಕಾಸು ಕೇಳದ್ದು.

ಕತೆ ತಟ್ಟನೆ ಶುರುವಾಗುವುದಿಲ್ಲ. ಮೊದಲು ‘ತೆಕೆರ್ಲೆಮೆ’. ಉರುಳಿಸುತ್ತ ಉರುಳಿಸುತ್ತ ಹೇಳುವ, ಪ್ರಾಸ ಕಟ್ಟಿದ, ಅರ್ಥಕ್ಕೆ ಸಿಗದ ಮಾತಿನ ಸಾಲು. ಒಂಟೆಗಳು ಊರೂರಲ್ಲಿ ಡಂಗುರ ಸಾರುತ್ತಿದ್ದ ಕಾಲ, ಚಿಗಟಗಳು ಕತ್ತರಿ ಹಿಡಿದು ಕ್ಷೌರ ಮಾಡುತ್ತಿದ್ದ ಕಾಲ, ಹೇಳುವವರು ತಮ್ಮ ಅಪ್ಪನನ್ನೋ ಅಮ್ಮನನ್ನೋ ತೊಟ್ಟಿಲಲ್ಲಿ ಹಾಕಿ ತೂಗುತ್ತಿದ್ದ ಕಾಲ. ಕೇಳುವವರ ತಲೆಯೊಳಗಿನ ಲೆಕ್ಕದ ಪುಸ್ತಕ ಅಲ್ಲೇ ಮುಚ್ಚಿಕೊಳ್ಳಬೇಕು. ಹೆತ್ತವರ ತೊಟ್ಟಿಲನ್ನು ಮಗು ತೂಗಬಲ್ಲ ಲೋಕಕ್ಕೆ ಕಾಲಿಟ್ಟ ಮೇಲೆ ಹಕ್ಕಿ ಮಾತಾಡಿತೇ ಎಂಬ ಪ್ರಶ್ನೆ ಏಳುವುದಿಲ್ಲ. ನಡುವೆಯೂ ಇಂಥ ಮಾತು ಬರುತ್ತದೆ. ನಾಯಕ ದೂರ ನಡೆದ ಎನ್ನಬೇಕಾದಲ್ಲಿ ಬೆಟ್ಟ ಹತ್ತಿದ, ಹಳ್ಳ ಇಳಿದ, ತಿಂಗಳುಗಟ್ಟಲೆ ನಡೆದ, ತಿರುಗಿ ನೋಡಿದರೆ ಬಾರ್ಲಿ ಕಾಳಿನಷ್ಟು ದೂರ ಬಂದಿದ್ದ ಎನ್ನುತ್ತಾರೆ. ಮಕ್ಕಳಿಗೆ ಕಾರಿನಲ್ಲಿ ಹೋಗುವಾಗ ಹೇಳಿ ನೋಡಿ, ಆ ಬಾರ್ಲಿ ಕಾಳು ಅವರ ಬಾಯಿ ಬಿಟ್ಟು ಹೋಗುವುದಿಲ್ಲ.

ಮುಗಿಸುವುದಕ್ಕೂ ಒಂದು ಕ್ರಮ ಉಂಟು. ಅವರು ಅಂದುಕೊಂಡದ್ದು ಕೈಗೂಡಿತು, ನಾವಿನ್ನು ಹೋಗಿ ಅವರ ಮಂಚದ ಮೇಲೆ ಕೂರೋಣ ಎಂಬುದು ಒಂದು ಬಗೆ. ಅವರು ಅಲ್ಲಿ ಸುಖವಾಗಿದ್ದರು, ನಾವು ಇಲ್ಲಿ ಹೀಗಿದ್ದೇವೆ ಎಂದು ನಮ್ಮಲ್ಲಿ ಮುಗಿಸುವುದಿಲ್ಲವೇ, ಅದರ ದಾಯಾದಿ. ನಮ್ಮದು ಕತೆಯವರನ್ನು ಅಲ್ಲೇ ಬಿಟ್ಟು ಬರುತ್ತದೆ, ಅವರದು ಕತೆಯವರ ಮಂಚಕ್ಕೇ ಹತ್ತುತ್ತದೆ. ಇನ್ನೊಂದು ಬಗೆ ಆಕಾಶದಿಂದ ಬೀಳುವ ಮೂರು ಸೇಬು. ಒಂದು ಹೇಳಿದವರಿಗೆ, ಒಂದು ಕೇಳಿದವರಿಗೆ. ಮೂರನೆಯದು ಬಾಯಿಂದ ಬಾಯಿಗೆ ಬದಲಾಗುತ್ತದೆ. ನನಗೆ ಮುಖ್ಯವೆನಿಸುವುದು ಎರಡನೆಯ ಸೇಬು. ಕೇಳಿದ್ದಕ್ಕೂ ಕೂಲಿ ಉಂಟು ಎಂದು ಈ ಸಂಪ್ರದಾಯ ನಂಬಿದೆ. ನಮ್ಮಲ್ಲೂ ಕತೆ ಕೇಳುವಾಗ ಹ್ಞೂಂಗುಟ್ಟುತ್ತಿರಬೇಕು. ಹ್ಞೂಂ ನಿಂತರೆ ಅಜ್ಜಿಯ ಕತೆಯೂ ನಿಲ್ಲುತ್ತಿತ್ತು. ಒಬ್ಬರೇ ಕೂತು ಪುಸ್ತಕ ಓದುವವರು ಹ್ಞೂಂಗುಟ್ಟುವುದು ಹೇಗೆ ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ.

ಇವೆಲ್ಲ ಕಾಗದಕ್ಕೆ ಇಳಿದದ್ದರಲ್ಲಿ ಒಬ್ಬ ಹಂಗೇರಿಯನ್ನನ ಪಾಲು ದೊಡ್ಡದು. ಇಗ್ನಾಟ್ಸ್ ಕೂನೋಶ್ 1860ರಲ್ಲಿ ಹುಟ್ಟಿದವನು. ದರ್ವೇಶಿಯ ವೇಷ ತೊಟ್ಟು ಮಧ್ಯ ಏಷ್ಯಾ ಸುತ್ತಿದ್ದ ಆರ್ಮಿನ್ ವಾಂಬೇರಿಯ ಶಿಷ್ಯ. 1885ರಲ್ಲಿ ಇಸ್ತಾನ್‌ಬುಲ್‌ಗೆ ಹೋಗಿ ಐದು ವರ್ಷ ಅಲ್ಲಿ ಮತ್ತು ಅನತೋಲಿಯದಲ್ಲಿ ಕತೆ, ಹಾಡು, ಒಗಟು ಕೂಡಿಹಾಕಿದ. ಪರ್ಷಿಯನ್, ಅರಬ್ಬಿ ಬೆರೆತ ಆಸ್ಥಾನದ ಭಾಷೆಯೇ ಸಾಹಿತ್ಯ ಎಂದು ನಂಬಿದ್ದ ಆಗಿನ ವಿದ್ಯಾವಂತರಿಗೆ ಇದು ಮುದುಕಿಯರ ಹರಟೆ. ಅವನ ಸಂಗ್ರಹದ ಕತೆಗಳನ್ನು ಆರ್. ನಿಸ್ಬೆಟ್ ಬೈನ್ ಹಂಗೇರಿಯನ್ನಿನಿಂದ ಇಂಗ್ಲಿಷಿಗೆ ತಂದದ್ದು 1896ರಲ್ಲಿ. 1913ರಲ್ಲಿ ಲಂಡನ್ನಿನಿಂದ ನಲವತ್ತನಾಲ್ಕು ಕತೆಗಳ ದಪ್ಪ ಪುಸ್ತಕ ಬಂತು, ವಿಲಿ ಪೊಗಾನಿಯ ಚಿತ್ರಗಳ ಸಮೇತ. ತಂಗಿಯ ಮಗಳಿಗೆ ನಾನು ಓದಿದ್ದು ಇದೇ ಸಂಗ್ರಹಗಳಿಂದ. ಕೂನೋಶನಿಗೆ ನಾವು ಋಣಿಗಳು. ಹಾಗೆಂದು ತುರ್ಕಿ ಬಾಯಿಂದ ಹೊರಟ ಮಾತು ಯುರೋಪಿನ ಎರಡು ಭಾಷೆಗಳ ಅಚ್ಚಿನಮನೆ ಹೊಕ್ಕು ಬರುವಾಗ ತೆಕೆರ್ಲೆಮೆಯ ಉರುಳಾಟ ಸವೆಯಿತು, ಮಿಶ್ ಉದುರಿತು. ಓದುವವರು ಇದನ್ನು ತಿಳಿದೇ ಓದಬೇಕು.

ಪಾತ್ರಗಳಲ್ಲಿ ತುರ್ಕಿ ಮಕ್ಕಳು ಮೊದಲು ಹೆಸರಿಸುವುದು ಕೆಲೋಲಾನ್‌ನನ್ನು. ಹೆಸರಿನ ಅರ್ಥ ಬೋಳುಹುಡುಗ. ವಿಧವೆ ತಾಯಿಯ ಒಬ್ಬನೇ ಮಗ, ಬಡವ, ನೋಡಿದರೆ ಸೋಮಾರಿ, ಕೊನೆಗೆ ಸುಲ್ತಾನನ ಮಗಳನ್ನು ಗೆಲ್ಲುವವನು. ಕೆಲವು ಕತೆಗಳಲ್ಲಿ ನಿಜವಾದ ರಾಜಕುಮಾರನೇ ಕುರಿಯ ಹೊಟ್ಟೆಚೀಲವನ್ನು ತಲೆಗೆ ಹಾಕಿಕೊಂಡು ಬೋಳನಾಗಿ ತಿರುಗುತ್ತಾನೆ. ಈಗ ತುರ್ಕಿಯ ಸರ್ಕಾರಿ ದೂರದರ್ಶನದ ಮಕ್ಕಳ ವಾಹಿನಿಯಲ್ಲಿ ಅವನು ಕಾರ್ಟೂನ್ ಕೂಡ ಆಗಿದ್ದಾನೆ. ಅವನ ಕತೆಗಳು ಲವಲವಿಕೆಯವು, ಆದರೆ ನನ್ನನ್ನು ಹಿಡಿದು ನಿಲ್ಲಿಸಿದವು ಬೇರೆ.

ದೇವ್‌ನ ತಾಯಿಯದು ಅಂಥದ್ದೊಂದು. ತುರ್ಕಿಯಲ್ಲಿ ‘ದೇವ್’ ಎಂದರೆ ದೈತ್ಯ. ಪರ್ಷಿಯನ್ ದಾರಿಯಿಂದ ಬಂದ ಪದ. ನಮ್ಮ ‘ದೇವ’ನೂ ಅದೂ ಒಂದೇ ಬೇರಿನವು, ಅಲ್ಲಿ ತಲೆಕೆಳಗಾಗಿ ರಕ್ಕಸನಾಗಿದ್ದಾನೆ. ನಾಯಕ ದಾರಿಯಲ್ಲಿ ದೇವ್‌ಗಳ ತಾಯಿಯನ್ನು ಕಾಣುತ್ತಾನೆ. ಬೆಟ್ಟದಂಥ ಹೆಂಗಸು, ಮೊಲೆಗಳನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದುಕೊಂಡು ಕೂತಿದ್ದಾಳೆ. ಹುಡುಗ ಓಡುವುದಿಲ್ಲ, ಕತ್ತಿ ಹಿರಿಯುವುದಿಲ್ಲ. ಹಿಂದಿನಿಂದ ಹೋಗಿ ಅವಳ ಹಾಲು ಕುಡಿದು ‘ಅಮ್ಮಾ’ ಎನ್ನುತ್ತಾನೆ. ‘ಅಮ್ಮಾ ಅನ್ನದಿದ್ದರೆ ನಿನ್ನನ್ನು ಸೀಳಿಬಿಡುತ್ತಿದ್ದೆ’ ಎನ್ನುತ್ತಾಳೆ ಅವಳು. ಆಮೇಲೆ ಅವನನ್ನು ತನ್ನ ಮಕ್ಕಳ ಕಣ್ಣಿಂದ ಮರೆಮಾಡಿ ಕಾಪಾಡುತ್ತಾಳೆ.

ಪೂತನಿಯ ಕತೆ ಕೇಳಿ ಬೆಳೆದ ನಮಗೆ ಇದು ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು. ಅಲ್ಲಿ ರಕ್ಕಸಿ ಬಂದು ಮಗುವಿಗೆ ಹಾಲು ಕೊಡುತ್ತಾಳೆ, ಮಗು ಅವಳ ಪ್ರಾಣವನ್ನೇ ಹೀರುತ್ತದೆ. ಇಲ್ಲಿ ಮಗನಾಗಿ ಹೋದವನು ರಕ್ಕಸಿಯ ಹಾಲು ಕುಡಿದು ಪ್ರಾಣ ಉಳಿಸಿಕೊಳ್ಳುತ್ತಾನೆ. ತುರ್ಕಿ ಕತೆಯ ಹಿಂದೆ ನಿಜವಾದ ಸಾಮಾಜಿಕ ಕಟ್ಟುಪಾಡೊಂದಿದೆ. ಇಸ್ಲಾಮಿನ ಧರ್ಮಶಾಸ್ತ್ರದಲ್ಲಿ ಮದುವೆಯ ಮಟ್ಟಿಗೆ ಹಾಲಿನ ನಂಟು ರಕ್ತದ ನಂಟಿನಷ್ಟೇ ಗಟ್ಟಿ. ಒಬ್ಬಳ ಎದೆಹಾಲು ಕುಡಿದ ಮಕ್ಕಳು ಒಡಹುಟ್ಟಿದವರಾಗುತ್ತಾರೆ, ಅವರ ನಡುವೆ ಮದುವೆ ಕೂಡದು. ಹಾಲು ಕುಡಿದ ಮೇಲೆ ಹುಡುಗ ದೇವ್‌ಗಳ ತಮ್ಮನೇ ಆದ. ಇನ್ನು ಅವನನ್ನು ತಿಂದರೆ ಸ್ವಂತದವನನ್ನು ತಿಂದಂತೆ. ರಜಾಯಿಯೊಳಗೆ ಕಾಲು ಚಾಚಿ ಕೂತ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ನಮಗೆ ಈ ಒಂದು ಮಾತು ಗೊತ್ತಿಲ್ಲದಿದ್ದರೆ ಆ ದೃಶ್ಯ ಬರೀ ವಿಚಿತ್ರವಾಗಿ ಉಳಿಯುತ್ತದೆ.

ಇನ್ನೊಂದು, ಸೇಬುಗಳ್ಳನ ಬೆನ್ನು ಹತ್ತಿದ ಮೂವರು ರಾಜಕುಮಾರರದ್ದು. ಕದಿಯುತ್ತಿದ್ದವನು ದೇವ್. ಕಿರಿಯವ ಅವನನ್ನು ಗಾಯಗೊಳಿಸಿ, ರಕ್ತದ ಜಾಡು ಹಿಡಿದು ಬಾವಿಗೆ ಇಳಿಯುತ್ತಾನೆ, ಅಲ್ಲಿ ಸೆರೆಯಿದ್ದ ಹುಡುಗಿಯರನ್ನು ಬಿಡಿಸಿ ಮೇಲಕ್ಕೆ ಕಳಿಸುತ್ತಾನೆ. ಅಣ್ಣಂದಿರು ಹಗ್ಗ ಕತ್ತರಿಸುತ್ತಾರೆ. ಕೆಳಗೆ ಎರಡು ಟಗರು, ಒಂದು ಬಿಳಿ, ಒಂದು ಕಪ್ಪು. ಬಿಳಿಯದರ ಮೇಲೆ ಹಾರಿದರೆ ಬೆಳಕಿನ ಲೋಕ. ಅವನು ತಪ್ಪಿ ಕಪ್ಪು ಟಗರಿನ ಮೇಲೆ ಬಿದ್ದು ಇನ್ನೂ ಏಳು ಪದರ ಕೆಳಗೆ ಹೋಗುತ್ತಾನೆ.

ಅಲ್ಲಿ ಒಂದು ಮರ, ಮರದಲ್ಲಿ ಜುಮ್ರುದು ಅಂಕಾ ಎಂಬ ಮಹಾಪಕ್ಷಿಯ ಗೂಡು. ವರ್ಷ ವರ್ಷವೂ ಒಂದು ಹಾವು ಬಂದು ಮರಿಗಳನ್ನು ನುಂಗುತ್ತಿತ್ತು. ಹುಡುಗ ಹಾವನ್ನು ಕೊಂದು ಮರದಡಿ ಮಲಗುತ್ತಾನೆ. ತಾಯಿಹಕ್ಕಿ ಇವನೇ ಕಳ್ಳನೆಂದು ಕೊಲ್ಲಲು ಬರುತ್ತದೆ. ಮರಿಗಳು ಕೂಗಿ ತಡೆಯುತ್ತವೆ. ಆಗ ಅದು ರೆಕ್ಕೆ ಬಿಚ್ಚಿ, ನಿದ್ದೆಯಲ್ಲಿದ್ದವನಿಗೆ ಬಿಸಿಲು ತಾಗದಂತೆ ನೆರಳು ಹಿಡಿಯುತ್ತದೆ. ಎದ್ದವನನ್ನು ಕೇಳುತ್ತದೆ, ಏನು ಬೇಕು? ಮೇಲಿನ ಲೋಕಕ್ಕೆ ಹೋಗಬೇಕು. ಸರಿ, ನಲವತ್ತು ಕುರಿಯ ಮಾಂಸ, ನಲವತ್ತು ತೊಗಲು ನೀರು ಹೊಂದಿಸು. ‘ಗಾಕ್’ ಎಂದಾಗ ಮಾಂಸ ಕೊಡು, ‘ಗುಕ್’ ಎಂದಾಗ ನೀರು ಕೊಡು.

ಹಕ್ಕಿ ಹಾರುತ್ತದೆ. ಗಾಕ್, ಮಾಂಸ. ಗುಕ್, ನೀರು. ಬೆಳಕು ಇನ್ನೇನು ಕಾಣಬೇಕು, ಮಾಂಸ ಮುಗಿಯಿತು. ಹಕ್ಕಿ ಮತ್ತೆ ಗಾಕ್ ಎಂದಿತು. ಹುಡುಗ ತನ್ನ ತೊಡೆಯಿಂದ ಒಂದು ತುಂಡು ಕೊಯ್ದು ಅದರ ಬಾಯಿಗಿಟ್ಟ. ಹಕ್ಕಿಗೆ ರುಚಿಯಲ್ಲೇ ತಿಳಿಯಿತು, ಇದು ಮನುಷ್ಯನದು. ನುಂಗಲಿಲ್ಲ, ನಾಲಿಗೆಯ ಕೆಳಗೆ ಇಟ್ಟುಕೊಂಡಿತು. ಮೇಲೆ ತಂದು ಇಳಿಸಿ ‘ನಡೆ’ ಎಂದಿತು. ‘ನೀನು ಮೊದಲು ಹೋಗು, ಆಮೇಲೆ ನಾನು’ ಎಂದ. ‘ಇಲ್ಲ, ನೀನು ನಡೆ’ ಎಂದಿತು. ಎರಡು ಹೆಜ್ಜೆ ಹಾಕಿದ, ಕುಂಟಿದ. ಹಕ್ಕಿ ನಾಲಿಗೆಯಡಿಯ ತುಂಡನ್ನು ತೆಗೆದು ಗಾಯಕ್ಕೆ ಅಂಟಿಸಿತು.

ಶಿಬಿ ಚಕ್ರವರ್ತಿ ನೆನಪಾಗುತ್ತಾನೆ, ಆಗಲೇಬೇಕು. ಅದೇ ತೊಡೆ, ಅದೇ ಹಕ್ಕಿ. ಆದರೆ ಶಿಬಿಯದು ಎಲ್ಲರೂ ನೋಡುವ ದಾನ. ತಕ್ಕಡಿ ಉಂಟು, ಕೊನೆಗೆ ಪ್ರತ್ಯಕ್ಷರಾಗುವ ದೇವತೆಗಳುಂಟು. ತುರ್ಕಿ ಹುಡುಗ ಕೊಟ್ಟದ್ದನ್ನು ಮುಚ್ಚಿಡಲು ನೋಡುತ್ತಾನೆ. ಕುಂಟುವುದನ್ನು ಕಾಣದಿರಲಿ ಎಂದು ಹಕ್ಕಿಯನ್ನೇ ಮೊದಲು ಕಳಿಸುತ್ತಿದ್ದಾನೆ. ಹಕ್ಕಿಯೂ ತಿಳಿದದ್ದನ್ನು ಬಾಯಲ್ಲೇ ಇಟ್ಟುಕೊಂಡಿದೆ. ಇಬ್ಬರ ಮಧ್ಯೆ ನಡೆಯುವ ಈ ಸಣ್ಣ ‘ನೀನು ಮೊದಲು’ ಎಂಬ ಮಾತುಕತೆಯ ಮುಂದೆ ಏಳು ಪದರದ ಪಾತಾಳವೂ ನನಗೆ ಸಪ್ಪೆ. ಕುಂಟಿದ ಹೆಜ್ಜೆಯನ್ನು ಹೇಳುವಾಗ ನನ್ನ ದನಿ ಪ್ರತಿಸಲವೂ ಇಳಿಯುತ್ತದೆ, ಹುಡುಗಿಯೂ ಆಗ ಹ್ಞೂಂಗುಟ್ಟುವುದನ್ನು ಮರೆಯುತ್ತಾಳೆ.

ಈಗ ಸಬೂರಿಯ ಕಲ್ಲಿನ ಕತೆ. ತುರ್ಕಿಯಲ್ಲಿ ‘ಸಬರ್ ತಾಶಿ’. ‘ಸಬರ್’ ಅರಬ್ಬಿ ಮೂಲದ್ದು, ಉತ್ತರ ಕರ್ನಾಟಕದ ಮಾತಲ್ಲೂ ಸಾಯಿಬಾಬಾ ಭಕ್ತರ ಬಾಯಲ್ಲೂ ಇರುವ ಸಬೂರಿಯೇ ಅದು. ತಾಳ್ಮೆಗಲ್ಲು ಎನ್ನುವುದಕ್ಕಿಂತ ಸಬೂರಿ ಕಲ್ಲು ಎನ್ನುವುದು ನನಗೆ ಇಷ್ಟ.

ಬಡ ತಾಯಿ, ಮಗಳು. ತಾಯಿ ಕೂಲಿಗೆ ಹೋದಾಗ ಮಗಳು ಮನೆಯಲ್ಲಿ ಕಸೂತಿ ಹಾಕುತ್ತಾಳೆ. ಒಂದು ದಿನ ಹಕ್ಕಿಯೊಂದು ಕಿಟಕಿಗೆ ಬಂದು, ನಿನ್ನ ಕಿಸ್ಮತ್ತಿನಲ್ಲಿರುವುದು ಸತ್ತ ಗಂಡು ಎಂದು ಹೇಳಿ ಹಾರುತ್ತದೆ. ಮರುದಿನ ಅದೇ ಮಾತು, ಮೂರನೇ ದಿನವೂ ಅದೇ. ಗೆಳತಿಯರೊಂದಿಗೆ ಹೊರಗೆ ಹೋದಾಗ ಅವರಿಗೂ ಇವಳಿಗೂ ನಡುವೆ ನೆಲದಿಂದ ಗೋಡೆ ಏಳುತ್ತದೆ. ಗೋಡೆಯಾಚೆ ಅರಮನೆ, ಕೋಣೆಯೊಳಗೆ ಕೋಣೆ, ಕೊನೆಯದರಲ್ಲಿ ಸತ್ತು ಮಲಗಿರುವ ಯುವಕ. ನಲವತ್ತು ದಿನ ಪಕ್ಕದಲ್ಲಿ ಕೂತು ಪ್ರಾರ್ಥಿಸುವವಳಿಗೆ ಅವನು ಒಲಿಯುತ್ತಾನೆ ಎಂಬ ಬರಹ. ಹುಡುಗಿ ಕೂರುತ್ತಾಳೆ. ಮೂವತ್ತೊಂಬತ್ತು ದಿನ ಕಳೆಯಿತು. ನಲವತ್ತನೆಯ ದಿನ ಕಿಟಕಿಯ ಕೆಳಗೆ ಕಪ್ಪು ಹುಡುಗಿಯೊಬ್ಬಳು ಹಾದುಹೋಗುವುದು ಕಂಡಿತು. ಅಷ್ಟು ದಿನ ಮನುಷ್ಯರ ಮುಖ ಕಾಣದವಳು ಅವಳನ್ನು ಒಳಗೆ ಕರೆದು, ಸ್ವಲ್ಪ ಹೊತ್ತು ಕೂತಿರು ಎಂದು ಹೇಳಿ ಆಚೆ ಹೋದಳು. ಅಷ್ಟರಲ್ಲಿ ಯುವಕ ಕಣ್ಣು ಬಿಟ್ಟ. ಎದುರಿಗಿದ್ದವಳನ್ನು ಮದುವೆಯಾದ. ನಲವತ್ತು ದಿನ ಕೂತವಳು ಅಡುಗೆಮನೆಯ ಆಳಾದಳು.

ಅವನು ಪ್ರಯಾಣ ಹೊರಟಾಗ ಏನು ತರಲಿ ಎಂದು ಎಲ್ಲರನ್ನೂ ಕೇಳುತ್ತಾನೆ. ಹೆಂಡತಿ ಒಡವೆ ವಸ್ತ್ರ ಕೇಳುತ್ತಾಳೆ. ಆಳು ಹುಡುಗಿ ಕೇಳುವುದು ಒಂದು ಸಬೂರಿ ಕಲ್ಲು, ಒಂದು ಸಬೂರಿ ಚಾಕು. ತಂದುಕೊಟ್ಟ ಮೇಲೆ, ಇದೇನು ಮಾಡುತ್ತಾಳೆ ನೋಡೋಣವೆಂದು ರಾತ್ರಿ ಬಾಗಿಲ ಹಿಂದೆ ನಿಲ್ಲುತ್ತಾನೆ. ಹುಡುಗಿ ಕಲ್ಲನ್ನು ಎದುರಿಗಿಟ್ಟು ಮೊದಲಿನಿಂದ ಹೇಳತೊಡಗುತ್ತಾಳೆ. ಹಕ್ಕಿ ಬಂದದ್ದು, ಕಲ್ಲು ಸ್ವಲ್ಪ ಉಬ್ಬಿತು. ಗೋಡೆ ಎದ್ದದ್ದು, ಇನ್ನಷ್ಟು ಉಬ್ಬಿತು. ಒಂದೊಂದು ದುಃಖಕ್ಕೂ ಕಲ್ಲು ಉಬ್ಬುತ್ತ, ನಲವತ್ತನೆಯ ದಿನಕ್ಕೆ ಬರುವಷ್ಟರಲ್ಲಿ ಟಳ್ಳೆಂದು ಸಿಡಿಯಿತು. ‘ಕಲ್ಲಾಗಿ ನಿನಗೇ ತಾಳಲಾಗಲಿಲ್ಲ, ನಾನು ಹೇಗೆ ತಾಳಲಿ’ ಎಂದು ಚಾಕುವಿಗೆ ಕೈಹಾಕಿದಾಗ ಅವನು ನುಗ್ಗಿ ಬಂದು ಕೈ ಹಿಡಿದ.

ಸಬೂರಿ ಕಲ್ಲೂ ಸಿಡಿಯುತ್ತಿತ್ತು ಎಂದು ತುರ್ಕರು ಇಂದಿಗೂ ದಿನದ ಮಾತಿನಲ್ಲಿ ಹೇಳುತ್ತಾರೆ. ಕೆರೆಗಳ ನಾಡಿನವರಾದ ನಾವು ತಾಳ್ಮೆಯ ಕಟ್ಟೆ ಒಡೆಯಿತು ಎನ್ನುತ್ತೇವೆ. ದುಃಖ ಕೇಳಿ ನಮ್ಮ ಕಲ್ಲು ಕರಗುತ್ತದೆ. ಅವರದು ಉಬ್ಬಿ ಸಿಡಿಯುತ್ತದೆ.

ಈ ಕತೆಯನ್ನು ಮೊದಲ ಸಲ ಓದಿದಾಗ ನನಗೆ ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತ್ತು. ಹುಡುಕಿದರೆ ಅದು ಮನೆಯಲ್ಲೇ ಇತ್ತು. ಮೈಸೂರಿನ ಎ.ಕೆ. ರಾಮಾನುಜನ್ 1991ರಲ್ಲಿ ಇಂಗ್ಲಿಷಿನಲ್ಲಿ ತಂದ ಭಾರತದ ಜನಪದ ಕತೆಗಳ ಸಂಕಲನದಲ್ಲಿ ಕನ್ನಡದಿಂದ ತೆಗೆದ ಕತೆಯೊಂದಿದೆ: ಸತ್ತ ರಾಜಕುಮಾರ ಮತ್ತು ಮಾತಾಡುವ ಗೊಂಬೆ. ಅಲ್ಲಿ ಹಕ್ಕಿಯ ಬದಲು ಭಿಕ್ಷುಕ, ಸತ್ತ ಗಂಡ ಸಿಗುತ್ತಾನೆಂಬ ಅದೇ ಭವಿಷ್ಯ. ಅದೇ ಮುಚ್ಚಿಕೊಳ್ಳುವ ಬಾಗಿಲು, ಅದೇ ಕಾಯುವಿಕೆ. ಕಿಟಕಿಯ ಕೆಳಗೆ ಹೋಗುವ ಕಪ್ಪು ಹುಡುಗಿಯ ಬದಲು ದೊಂಬರ ಹುಡುಗಿ. ಕಲ್ಲಿನ ಜಾಗದಲ್ಲಿ ಗೊಂಬೆ. ಗೊಂಬೆಗೆ ಹೇಳಿಕೊಳ್ಳುವುದನ್ನು ರಾಜಕುಮಾರ ಮರೆಯಲ್ಲಿ ನಿಂತು ಕೇಳುತ್ತಾನೆ. ಗಂಡಸರ ಕತೆ ಮದುವೆಯಲ್ಲಿ ಮುಗಿಯುತ್ತದೆ, ಹೆಂಗಸರ ಕತೆಯಲ್ಲಿ ಕಷ್ಟ ಶುರುವಾಗುವುದೇ ಮದುವೆಯಿಂದ ಎಂದು ರಾಮಾನುಜನ್ ಗುರುತಿಸಿದ್ದರು. ಹುಡುಗಿ ತನ್ನ ಕತೆಯನ್ನು ತಾನೇ ಹೇಳುವವರೆಗೂ ಅವಳ ಬಾಳಿಗೆ ಬಿಡುಗಡೆಯಿಲ್ಲ. ಹೇಳಲು ಮನುಷ್ಯರು ಸಿಗದ ಮನೆಯಲ್ಲಿ ಕಲ್ಲಾದರೂ ಬೇಕು.

ಜಾನಪದ ವಿದ್ವಾಂಸರ ಆರ್ನೆ–ಥಾಂಪ್ಸನ್ ವರ್ಗೀಕರಣದಲ್ಲಿ ಈ ಮಾದರಿಯ ಸಂಖ್ಯೆ 894. ತುರ್ಕಿ ಕತೆಗಳಿಗೇ ಪ್ರತ್ಯೇಕವಾದ ಪಟ್ಟಿ ಬಂದದ್ದು 1953ರಲ್ಲಿ, ಜರ್ಮನ್ ಭಾಷೆಯಲ್ಲಿ, 378 ಮಾದರಿಗಳು. ಅದನ್ನು ಮಾಡಿದ ಇಬ್ಬರ ಬದುಕೂ ಏಳು ಪದರ ಕೆಳಗಿಳಿದು ಬಂದದ್ದೇ. ವೋಲ್ಫ್ರಾಮ್ ಎಬರ್‌ಹಾರ್ಡ್ ನಾಜಿ ಜರ್ಮನಿ ತೊರೆದು ಅಂಕಾರಾದಲ್ಲಿ ಪಾಠ ಹೇಳುತ್ತಿದ್ದ ವಿದ್ವಾಂಸ. ಪೆರ್ತೆವ್ ನಾಯ್ಲಿ ಬೊರಾತಾವ್ ಅದೇ ಅಂಕಾರಾ ವಿಶ್ವವಿದ್ಯಾಲಯದಲ್ಲಿ ಜಾನಪದ ಅಧ್ಯಯನ ಕಟ್ಟಿದವರು. ಎಡಪಂಥೀಯ ಎಂಬ ಆರೋಪ ಬಂದು 1948ರಲ್ಲಿ ಅವರ ಪೀಠವೇ ಮುಚ್ಚಿತು. 1952ರಲ್ಲಿ ಪ್ಯಾರಿಸ್ಸಿಗೆ ಹೋದವರು 1998ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದು ತಮ್ಮ ಜನರ ಕತೆಗಳ ಕೆಲಸ ಮುಂದುವರಿಸಿದರು. 1960ರ ದಶಕದಲ್ಲಿ ವಾರನ್ ವಾಕರ್ ಮತ್ತು ಅಹ್ಮೆತ್ ಉಯ್ಸಲ್ ಟೇಪ್‌ರೆಕಾರ್ಡರ್ ಹೊತ್ತು ಹಳ್ಳಿ ಹಳ್ಳಿ ತಿರುಗಿದ್ದರಿಂದ ಬೆಳೆದ ಸಂಗ್ರಹ ಅಮೆರಿಕದ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿದೆ.

ಓದಿದವರು ಹ್ಞೂಂಗುಟ್ಟುವ ಬಗೆಯೊಂದನ್ನು ನನಗೆ ತೋರಿಸಿದ್ದು ಅಫ್ಘಾನಿಸ್ತಾನದಲ್ಲಿ ಹುಟ್ಟಿದ ಲೇಖಕ ಅತೀಕ್ ರಹೀಮಿ. ಸಬೂರಿ ಕಲ್ಲು ಪರ್ಷಿಯನ್ ನಾಡುಗಳಲ್ಲೂ ಉಂಟು. ಆ ಹೆಸರನ್ನೇ ಇಟ್ಟು ಫ್ರೆಂಚಿನಲ್ಲಿ ಬರೆದ ಅವರ ಕಾದಂಬರಿಗೆ 2008ರ ಗೊಂಕೂರ್ ಪ್ರಶಸ್ತಿ ಬಂತು. ಯುದ್ಧದ ನಡುವೆ, ಗುಂಡು ತಗುಲಿ ಪ್ರಜ್ಞೆಯಿಲ್ಲದೆ ಮಲಗಿದ ಗಂಡನ ಪಕ್ಕ ಕೂತ ಹೆಂಗಸು ಅದುವರೆಗೂ ಬಾಯಿಬಿಡದೆ ಇದ್ದದ್ದನ್ನೆಲ್ಲ ಹೇಳತೊಡಗುತ್ತಾಳೆ. ಹಳೆಯ ಕತೆಯಲ್ಲಿ ಗಂಡ ಒಂದು, ಕಲ್ಲು ಒಂದು. ರಹೀಮಿ ಗಂಡನನ್ನೇ ಕಲ್ಲು ಮಾಡಿದರು. ಕತೆಗೆ ಕೊಡಬಹುದಾದ ಉತ್ತರ ಇದು: ಇನ್ನೊಂದು ಕತೆ.

ಆದರೂ ಒಂದು ಮುಳ್ಳು ಉಳಿದಿದೆ. ತುರ್ಕಿ ಕತೆಯ ಕೊನೆಯಲ್ಲಿ ವಂಚಿಸಿದವಳನ್ನು ಕರೆದು ಕೇಳುತ್ತಾರೆ: ನಲವತ್ತು ಹೇಸರಗತ್ತೆ ಬೇಕೋ, ನಲವತ್ತು ಮಚ್ಚು ಬೇಕೋ? ಮಚ್ಚು ಕಟ್ಟಿಕೊಂಡು ಏನು ಮಾಡಲಿ, ಹೇಸರಗತ್ತೆ ಕೊಡಿ, ಊರಿಗೆ ಹೋಗುತ್ತೇನೆ ಎನ್ನುತ್ತಾಳೆ. ಅವುಗಳ ಬಾಲಕ್ಕೆ ಅವಳನ್ನು ಕಟ್ಟಿ ಓಡಿಸುತ್ತಾರೆ. ಈ ಪ್ರಶ್ನೆಯೂ ಅಲ್ಲಿ ಗಾದೆಯಾಗಿದೆ, ನಮ್ಮ ಅತ್ತ ದರಿ ಇತ್ತ ಪುಲಿಯ ಹಾಗೆ. ಆ ಕಪ್ಪು ಹುಡುಗಿ ಯಾರು? ಆಟೊಮನ್ ಸಿರಿವಂತರ ಮನೆಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಹೆಣ್ಣುಮಕ್ಕಳು ಅಡುಗೆಗೆ, ಮಕ್ಕಳ ಆರೈಕೆಗೆ ಇದ್ದರು. ಆ ಗುಲಾಮ ವ್ಯಾಪಾರವನ್ನು ನಿಷೇಧಿಸಿ ಸುಲ್ತಾನ ಫರ್ಮಾನು ಹೊರಡಿಸಿದ್ದು 1857ರಲ್ಲಿ. ಕೂನೋಶ್ ಹೋದಾಗಲೂ ಅಂಥವರು ಮನೆಗಳಲ್ಲಿದ್ದರು. ಕತೆಗಳಲ್ಲಿ ಅವರಿಗೆ ಸಿಕ್ಕ ಪಾತ್ರ ಬಹಳ ಸಲ ಮೋಸಗಾತಿಯದು. ನಾರಂಗಿ ಹಣ್ಣಿನೊಳಗಿಂದ ಬರುವ ಪರಿಯ ಕತೆಯಲ್ಲೂ ಹಾಗೆಯೇ. ನಮ್ಮ ಕತೆಯಲ್ಲಿ ಆ ಜಾಗಕ್ಕೆ ಊರಿಲ್ಲದ, ಹೊಲವಿಲ್ಲದ ದೊಂಬರ ಹುಡುಗಿ ಬಂದಳು. ಎರಡು ನಾಡುಗಳು ಒಂದೇ ಕತೆ ಹೇಳುವಾಗ ಇಬ್ಬರೂ ತಪ್ಪನ್ನು ಹೊರಿಸಲು ಕೆಳಗಿದ್ದವಳನ್ನೇ ಹುಡುಕಿಕೊಂಡದ್ದು ನನಗೆ ನೋವಿನ ವಿಷಯ. ಇದನ್ನು ಮುಚ್ಚಿಟ್ಟು ಈ ಕತೆಯನ್ನು ಪ್ರೀತಿಸಲು ನನ್ನಿಂದಾಗದು. ಹೇಸರಗತ್ತೆಗಳ ಭಾಗ ಬಿಟ್ಟು ಹೇಳಬಹುದು, ನಾನು ಹಾಗೆಯೇ ಹೇಳಿದೆ. ಅವಳನ್ನೇ ಬಿಟ್ಟು ಹೇಳಲಾಗುವುದಿಲ್ಲ.

ಅಂದು ಕಲ್ಲು ಸಿಡಿದು, ಅವನು ಬಂದು ಕೈ ಹಿಡಿದು, ಮೂರು ಸೇಬು ಬಿದ್ದ ಮೇಲೆ ಹುಡುಗಿ ಸುಮ್ಮನಿದ್ದಳು. ನಿದ್ದೆ ಬಂತೇನೋ ಎಂದು ದೀಪ ಆರಿಸಲು ಎದ್ದೆ.

‘ದೊಡ್ಡಮ್ಮಾ, ಕಿಟಕಿ ಕೆಳಗೆ ಹೋಗ್ತಿದ್ದಳಲ್ಲ, ಅವಳ ಹೆಸರೇನು?’

‘ಪುಸ್ತಕದಲ್ಲಿ ಇಲ್ಲ ಕಣೇ.’

‘ಅವಳು ಎಲ್ಲಿಗೆ ಹೋಗ್ತಿದ್ದಳು?’

‘ಅದೂ ಇಲ್ಲ.’

‘ಹಾಗಾದ್ರೆ ನಾನು ಹೇಳ್ತೀನಿ, ನೀನು ಹ್ಞೂಂ ಅನ್ನಬೇಕು.’

ಮತ್ತೆ ಕೂತೆ. ಹೊದಿಕೆಯನ್ನು ಕಾಲಿನವರೆಗೆ ಎಳೆದುಕೊಂಡು, ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು.

‘ಒಬ್ಬಳು ಹುಡುಗಿ ಇದ್ದಳಂತೆ. ಅವಳ ಅಮ್ಮ ತುಂಬಾ ದೂರದಲ್ಲಿ ಇದ್ದರಂತೆ.’

‘ಹ್ಞೂಂ’ ಎಂದೆ.